ನಮ್ಮದಲ್ಲದ ನಂಬಿಕೆಗಳನ್ನು ಕೆಳಗಿಳಿಸುವುದು ಹೇಗೆ? 'ಇದು ಯಾರಿಗೆ?' ಎಂದು ಕೇಳುವ ದಾರಿ

ಕಳೆದ ವರ್ಷ ಮಗಳಿಗೆ ಪುಣೆಯಲ್ಲಿ ಕೆಲಸ ಸಿಕ್ಕಿತು. ಸುದ್ದಿ ಬಂದಾಗ ನಾನು ಡೊಂಬಿವಲಿಯ ನಮ್ಮ ಅಡುಗೆಮನೆಯಲ್ಲಿ ಜೋಳದ ರೊಟ್ಟಿ ಬಡಿಯುತ್ತಿದ್ದೆ. ಅವಳು ಫೋನಿನಲ್ಲಿ ಗೆಳತಿಯ ಜೊತೆ ಮಾತಾಡುತ್ತಾ, ಬಿದ್ದು ಬಿದ್ದು ನಗುತ್ತಾ ಒಳಗೆ ಬಂದಳು. ನನ್ನ ಬಾಯಿಂದ ಮಾತು ತಾನಾಗಿ ಬಂತು: "ಸಾಕು, ಭಾಳ ನಗಬ್ಯಾಡ. ಆಮ್ಯಾಲೆ ಅಳಬೇಕಾಗ್ತದ."

ಅವಳ ನಗು ಅಲ್ಲೇ ನಿಂತಿತು. ನನ್ನ ಕೈಯೂ ಹಿಟ್ಟಿನ ಮೇಲೆ ಹಾಗೇ ನಿಂತಿತು. ಇಂಡಿ ತಾಲೂಕಿನ ನಮ್ಮ ಮನೆಯಲ್ಲಿ ಅವ್ವ ಹೇಳುತ್ತಿದ್ದ ಮಾತು ಅದು. ಅದೇ ಏರಿಳಿತ, ಅದೇ ಅವಸರ. ಮೂವತ್ತು ವರ್ಷ ಮುಂಬೈಯಲ್ಲಿ ಇದ್ದೇನೆ, ಅಕೌಂಟ್ಸ್ ಕೆಲಸ ಮಾಡಿದ್ದೇನೆ. ನಕ್ಕರೆ ಕೆಟ್ಟದ್ದಾಗುತ್ತದೆ ಅಂತ ಯಾರಾದರೂ ವಾದ ಮಾಡಿದರೆ ಖಂಡಿತ ಒಪ್ಪುತ್ತಿರಲಿಲ್ಲ. ಆದರೂ ಹೊಟ್ಟೆಯೊಳಗೆ ಏನೋ ಅದನ್ನು ನಂಬಿಕೊಂಡೇ ಕೂತಿತ್ತು.

ಬುದ್ಧಿ ಬಿಟ್ಟ ಮೇಲೂ ಮೈ ಬಿಡದ ನಂಬಿಕೆಗಳು ಎಲ್ಲರಲ್ಲೂ ಇರುತ್ತವೆ. ಅವನ್ನು ಬೈದು ಓಡಿಸಲು ಆಗುವುದಿಲ್ಲ, ತರ್ಕದಿಂದಲೂ ಆಗುವುದಿಲ್ಲ. ನಾನು ಎರಡನ್ನೂ ವರ್ಷಗಟ್ಟಲೆ ಮಾಡಿ ನೋಡಿದವಳು. ಕೊನೆಗೆ ಕೆಲಸಕ್ಕೆ ಬಂದದ್ದು ಅದ್ವೈತದ ವಿಚಾರ. ಇಲ್ಲಿ 'ವಿಚಾರ' ಅಂದರೆ ಯೋಚನೆ ಮಾಡುತ್ತಾ ಕೂರುವುದಲ್ಲ, ನೇರವಾಗಿ ನೋಡುವುದು. ಆ ಅಭ್ಯಾಸವನ್ನು ಹೆಜ್ಜೆ ಹೆಜ್ಜೆಯಾಗಿ ಬರೆಯುತ್ತೇನೆ.

ಶುರು ಮಾಡುವ ಮೊದಲು

ಮುಸ್ಸಂಜೆಯಲ್ಲಿ ಹಗ್ಗವನ್ನು ಹಾವು ಅಂದುಕೊಂಡವನ ಉದಾಹರಣೆ ನೀವು ಕೇಳಿರುತ್ತೀರಿ. ಆ ಹಾವನ್ನು ಬಡಿಗೆಯಿಂದ ಹೊಡೆದರೆ ಪ್ರಯೋಜನವಿಲ್ಲ, ದೀಪ ತಂದರೆ ಸಾಕು. ಅದ್ವೈತದ ಅಭ್ಯಾಸವೆಲ್ಲ ದೀಪ ತರುವ ಕೆಲಸ. ಅದು ಹೇಳುವುದು ಇಷ್ಟೇ: ನೀವು 'ನಾನು' ಅಂದುಕೊಂಡಿರುವ ಮೈ, ಹೆಸರು, ಊರು, ಮನೆತನ, ಯೋಚನೆ ಇವೆಲ್ಲ ನಿಮಗೆ ಕಾಣುವ ಸಂಗತಿಗಳು. ಅವು ಕಾಣುತ್ತಿರುವುದು ಯಾವ ಅರಿವಿಗೋ, ಆ ಅರಿವು ಎರಡಿಲ್ಲ. ಇದನ್ನು ಈಗಲೇ ಒಪ್ಪಬೇಕಾಗಿಲ್ಲ. ಒಪ್ಪಿಬಿಟ್ಟರೆ ಅದು ಇನ್ನೊಂದು ನಂಬಿಕೆಯಾಗುತ್ತದೆ, ನೋಡುವುದು ಅಲ್ಲಿಗೇ ನಿಲ್ಲುತ್ತದೆ.

ಮುಂಬೈಯಲ್ಲಿ ಇರುವ ಕನ್ನಡಿಗರಿಗೆ ಒಂದು ಮಾತು ಹೇಳಲೇಬೇಕು. ಗಿರಗಾಂವ್ ಬಳಿಯ ಖೇತವಾಡಿಯ 10ನೇ ಗಲ್ಲಿಯಲ್ಲಿ ಅದ್ವೈತದ ಗುರು ನಿಸರ್ಗದತ್ತ ಮಹಾರಾಜರು (1897–1981) ಇದ್ದರು. ಬೀಡಿ ಅಂಗಡಿ ನಡೆಸಿ ಸಂಸಾರ ಸಾಕಿದವರು. ಅಟ್ಟದಂಥ ಸಣ್ಣ ಕೋಣೆಯಲ್ಲಿ ಮರಾಠಿಯಲ್ಲಿ ಮಾತಾಡುತ್ತಿದ್ದರು, ದೂರದ ದೇಶಗಳಿಂದ ಬಂದವರಿಗೆ ಪಕ್ಕದಲ್ಲಿ ಕೂತವರು ಅನುವಾದ ಮಾಡುತ್ತಿದ್ದರು. 1933ರಲ್ಲಿ ಅವರಿಗೆ ಸಿಕ್ಕ ಗುರು ಸಿದ್ಧರಾಮೇಶ್ವರ ಮಹಾರಾಜರು. ಆ ಸಿದ್ಧರಾಮೇಶ್ವರರ ಗುರು ನಮ್ಮ ವಿಜಯಪುರ ಸೀಮೆಯ ಇಂಚಗೇರಿಯ ಭಾವುಸಾಹೇಬ ಮಹಾರಾಜರು. ನನ್ನ ತವರಿಗೆ ಹತ್ತಿರದ ಊರು ಅದು! ಚಿಕ್ಕವಳಿದ್ದಾಗ ಇಂಚಗೇರಿ ಅಂದರೆ ನನಗೆ ಭಜನೆ ಮತ್ತು ಪ್ರಸಾದ ಮಾತ್ರ. ಆ ಊರಿನ ಎಳೆ ಖೇತವಾಡಿಯ ತನಕ ಬಂದಿದೆ ಅಂತ ತಿಳಿಯಲು ನಾನು ನಲವತ್ತು ದಾಟಬೇಕಾಯಿತು.

ಆ ಪರಂಪರೆಯಲ್ಲಿ ಎರಡು ದಾರಿಗಳ ಮಾತಿದೆ. ಒಂದು ಇರುವೆಯ ದಾರಿ, ಪಿಪೀಲಿಕಾ ಮಾರ್ಗ. ಇರುವೆ ಮರ ಹತ್ತಿ ನಿಧಾನವಾಗಿ ಹಣ್ಣು ಮುಟ್ಟುವ ಹಾಗೆ, ವರ್ಷಗಟ್ಟಲೆ ಜಪ, ಧ್ಯಾನ. ಇನ್ನೊಂದು ಹಕ್ಕಿಯ ದಾರಿ, ವಿಹಂಗಮ ಮಾರ್ಗ. ವಿಚಾರದಿಂದ ನೇರವಾಗಿ ಹೋಗುವುದು. ಸಿದ್ಧರಾಮೇಶ್ವರರು ಒತ್ತಿ ಹೇಳಿದ್ದು ಎರಡನೆಯದನ್ನು. 1936ರಲ್ಲಿ ತೀರಿಕೊಂಡ ಅವರ ಸಮಾಧಿ ವಾಲಕೇಶ್ವರದ ಬಾಣಗಂಗಾದಲ್ಲಿದೆ. ಒಮ್ಮೆ ಹೋಗಿ ಸುಮ್ನೆ ಕೂತು ಬನ್ನಿ. ಅಲ್ಲಿಗೆ ಹೋಗದಿದ್ದರೆ ಅಭ್ಯಾಸ ಆಗುವುದಿಲ್ಲ ಅಂತೇನೂ ಇಲ್ಲ.

ಬೇಕಾಗುವ ಸಾಮಾನು: ನೂರು ಪುಟದ ಒಂದು ನೋಟ್‌ಬುಕ್, ದಿನಕ್ಕೆ ಹದಿನೈದು ನಿಮಿಷ. ನೋಟ್‌ಬುಕ್ ಬೇರೆಯವರ ಕೈಗೆ ಸಿಗದ ಕಡೆ ಇರಲಿ.

ಒಂದನೇ ಹೆಜ್ಜೆ: ಮಾತನ್ನು ಇದ್ದ ಹಾಗೇ ಬರೆದುಕೊಳ್ಳಿ

ಮೊದಲ ವಾರ ಏನನ್ನೂ ಬಿಡಲು ಹೋಗಬೇಡಿ. ಹಿಡಿಯುವುದಷ್ಟೇ ಕೆಲಸ. ಬಾಯಿಗೆ ಅಥವಾ ಮನಸ್ಸಿಗೆ ಬಂದ ಹಳೆಯ ಮಾತನ್ನು ಅದು ಬಂದ ಭಾಷೆಯಲ್ಲೇ ಬರೆಯಿರಿ. 'ನನಗೆ ಸಂತೋಷವನ್ನು ಕಂಡರೆ ಆತಂಕ' ಅಂತ ಬರೆದರೆ ಅದು ಡಾಕ್ಟರರ ಚೀಟಿಯಂತೆ ಇರುತ್ತದೆ. 'ಭಾಳ ನಕ್ಕರ ಅಳಬೇಕಾಗ್ತದ' ಅಂತ ಬರೆದರೆ ಓದುವಾಗಲೇ ಹೊಟ್ಟೆ ಹಿಂಡುತ್ತದೆ. ಆ ಹಿಂಡುವಿಕೆ ಮುಂದೆ ಬೇಕು. ನಿಮ್ಮದು ಕರಾವಳಿಯ ಮನೆಯಾದರೆ ತುಳುವಿನಲ್ಲೋ ಕೊಂಕಣಿಯಲ್ಲೋ ಬರಬಹುದು. ಹಾಗೇ ಬರೆಯಿರಿ.

ಎಲ್ಲಿ ಹುಡುಕಬೇಕು? 'ಕೂಡದು', 'ನಮ್ಮಂಥವರು', 'ನಮ್ಮ ಮನೆತನದಲ್ಲಿ', 'ನಾಕು ಮಂದಿ ಏನಂತಾರೆ' ಎಂಬ ಮಾತುಗಳು ಬಂದ ಕಡೆ. ಕಾರಣ ಇಲ್ಲದೆ ನಾಚಿಕೆಯಾದ ಕಡೆ. ಯಾರೂ ಬೈಯದೆ ಹೆದರಿಕೆಯಾದ ಕಡೆ. ನನ್ನ ಮೊದಲ ವಾರದ ಪುಟದಲ್ಲಿ ಹನ್ನೊಂದು ಸಾಲುಗಳಿದ್ದವು. ಎಲ್ಲರಿಗೂ ಬಡಿಸಿದ ಮೇಲೆ ಹೆಣ್ಣುಮಗಳು ಉಣ್ಣಬೇಕು. ಒಳ್ಳೆಯದನ್ನು ಹೇಳಿಕೊಂಡರೆ ದೃಷ್ಟಿಯಾಗುತ್ತದೆ. ರೊಕ್ಕದ ಮಾತು ಗಂಡಸರಿಗೆ ಬಿಡಬೇಕು. ಕೊನೆಯದನ್ನು ನೋಡಿ ನನಗೇ ಸಂಕಟವಾಯಿತು. ನಾನು ಲೆಕ್ಕಪತ್ರ ನೋಡುವ ಕೆಲಸದಲ್ಲಿ ಇದ್ದವಳು, ಅಲ್ವಾ?

ಅದರಲ್ಲಿ ಒಂದನ್ನು ಆರಿಸಿ. ಸಣ್ಣದನ್ನೇ ಆರಿಸಿ. ದೇವರು, ಸಾವು, ಕರ್ಮ ಇಂಥ ದೊಡ್ಡ ಗಂಟುಗಳಿಗೆ ಮೊದಲೇ ಕೈ ಹಾಕಿದರೆ ವಾದದಲ್ಲಿ ಮುಳುಗುತ್ತೀರಿ. ನಾನು ನಗುವಿನದನ್ನು ಆರಿಸಿದೆ.

ಎರಡನೇ ಹೆಜ್ಜೆ: ಗೊತ್ತಾ, ಕೇಳಿದ್ದಾ?

ಆರಿಸಿದ ಮಾತಿನ ಮುಂದೆ ಈ ಒಂದು ಪ್ರಶ್ನೆ ಇಡಿ. ಇದು ನನಗೆ ಗೊತ್ತಿರುವುದಾ, ಯಾರೋ ಹೇಳಿ ಕೇಳಿದ್ದಾ?

ವ್ಯತ್ಯಾಸ ಸುಲಭ. ನನಗೆ ಹಸಿವಾಗಿದೆ ಅಂತ ಯಾರೂ ನಂಬುವುದಿಲ್ಲ, ಅದು ಗೊತ್ತಿರುತ್ತದೆ. ನಾನು ಇದ್ದೇನೆ ಎನ್ನುವುದನ್ನೂ ಯಾರೂ ಬಂದು ಹೇಳಿಕೊಡಬೇಕಾಗಿಲ್ಲ. ಕಣ್ಣು ಮುಚ್ಚಿ, ಕತ್ತಲೆಯಲ್ಲಿ, ಹೆಸರು ಮರೆತರೂ ಅದು ಗೊತ್ತು. ಇದರ ಪಕ್ಕದಲ್ಲಿ ನಿಮ್ಮ ಮಾತನ್ನು ಇಟ್ಟು ನೋಡಿ. 'ನಕ್ಕರೆ ಅಳಬೇಕಾಗುತ್ತದೆ' ಎನ್ನುವುದು ನನಗೆ ಹಸಿವಿನಷ್ಟು ಗೊತ್ತಾ? ಇಲ್ಲ. ಕಿವಿಯಿಂದ ಬಂದದ್ದು.

ಆಮೇಲೆ ಯಾವಾಗ ಬಂತು ಅಂತ ನೆನಪು ಮಾಡಿಕೊಳ್ಳಿ. ನನಗೆ ಸಿಕ್ಕಿದ್ದು ಒಂದು ಬೇಸಿಗೆ ರಜೆ. ಮಾಳಿಗೆಯ ಮೇಲೆ ನಾವು ಏಳೆಂಟು ಮಕ್ಕಳು ಹಾಸಿಗೆ ಹಾಸಿಕೊಂಡು ನಗುತ್ತಿದ್ದೆವು. ಕೆಳಗಿನಿಂದ ಅವ್ವ ಈ ಮಾತು ಕೂಗಿ ಹೇಳಿದಳು. ಅದೇ ರಾತ್ರಿ ಕಾಕಾ ಸೈಕಲ್ಲಿನಿಂದ ಬಿದ್ದು ಕೈ ಮುರಿದುಕೊಂಡ ಸುದ್ದಿ ಬಂತು. ಆ ರಜೆಯಲ್ಲಿ ನಾವು ಎಷ್ಟೋ ರಾತ್ರಿ ನಕ್ಕಿದ್ದೆವು, ಏನೂ ಆಗಿರಲಿಲ್ಲ. ಅವನ್ನು ಯಾರೂ ಎಣಿಸಲಿಲ್ಲ. ಆ ಒಂದು ರಾತ್ರಿ ಮಾತ್ರ ಮೊಳೆ ಹೊಡೆದ ಹಾಗೆ ಉಳಿಯಿತು.

ಇಲ್ಲಿ ಒಂದು ಎಚ್ಚರಿಕೆ. ನೆನಪು ಸಿಕ್ಕ ಕೂಡಲೇ ಹೇಳಿದವರ ಮೇಲೆ ಸಿಟ್ಟು ಬರಬಹುದು. ಬರಲಿ, ಆದರೆ ಅಲ್ಲೇ ಮನೆ ಕಟ್ಟಬೇಡಿ. ಅವ್ವ ನಮ್ಮನ್ನು ಹೆದರಿಸಲು ಹೇಳಲಿಲ್ಲ, ಕಾಪಾಡಲು ಹೇಳಿದಳು. ಅವಳ ಕೈಯಲ್ಲಿ ಇದ್ದದ್ದು ಅಷ್ಟೇ. ನೆನಪು ಸಿಗದಿದ್ದರೂ ಚಿಂತೆಯಿಲ್ಲ, ಮುಂದೆ ಹೋಗಿ.

ಮೂರನೇ ಹೆಜ್ಜೆ: ಮೈಯಲ್ಲಿ ಎಲ್ಲಿ ಹಿಡಿಯುತ್ತದೆ ನೋಡಿ

ನನ್ನ ಅನುಭವದಲ್ಲಿ ಜಾಸ್ತಿ ಜನ ಜಾರುವುದು ಇಲ್ಲೇ. ಓದಿದವರು ಈ ಹೆಜ್ಜೆಯನ್ನು ಹಾರಿ ಮುಂದಿನ ದೊಡ್ಡ ಪ್ರಶ್ನೆಗೆ ಓಡುತ್ತಾರೆ. ನಂಬಿಕೆ ಮಾತ್ರ ಮೈಯಲ್ಲಿ ಹಾಗೇ ಉಳಿಯುತ್ತದೆ.

ಬೆಳಗ್ಗೆ ಹಾಲಿನವನು ಬರುವ ಮುಂಚೆ ಕೂರಿ. ಕುರ್ಚಿಯಲ್ಲಿ ಕೂತರೂ ಸರಿ. ಎರಡು ನಿಮಿಷ ಉಸಿರು ಬಂದು ಹೋಗುವುದನ್ನು ಗಮನಿಸಿ. ಆಮೇಲೆ ಆ ಮಾತನ್ನು ಒಳಗೇ ನಿಧಾನವಾಗಿ, ಹೇಳಿದವರ ಧ್ವನಿಯಲ್ಲೇ, ಒಮ್ಮೆ ಹೇಳಿಕೊಳ್ಳಿ. ಹೇಳಿ ಸುಮ್ಮನಾಗಿ. ಮೈ ಏನು ಮಾಡುತ್ತದೆ?

ನನಗೆ ಮೊದಲು ನಾಲಿಗೆ ಮೇಲಂಗುಳಕ್ಕೆ ಒತ್ತಿಕೊಂಡಿತು. ಆಮೇಲೆ ಹೊಕ್ಕುಳಿನ ಮೇಲೆ, ಮುಷ್ಟಿಯಷ್ಟು ಜಾಗದಲ್ಲಿ ಬಿಗಿತ. ಉಸಿರು ಅರ್ಧಕ್ಕೇ ನಿಲ್ಲುತ್ತಿತ್ತು. ಬಲಗಡೆ ಜಾಸ್ತಿ, ಎಡಗಡೆ ಕಡಿಮೆ. ಇಷ್ಟು ಹತ್ತಿರದಿಂದ ನೋಡಬೇಕು. 'ಭಯ' ಅಂತ ಹೆಸರಿಟ್ಟು ಎದ್ದು ಹೋಗಬಾರದು. ಹೆಸರು ತೆಗೆದು ನೋಡಿದರೆ ಅಲ್ಲಿ ಇರುವುದು ಬಿಸಿ, ಬಿಗಿ, ಒಂದಿಷ್ಟು ನಡುಕ. ಅದನ್ನು ಕರಗಿಸಲು ಹೋಗಬೇಡಿ. ಉಸಿರನ್ನು ಅಲ್ಲಿಗೆ 'ಕಳಿಸುವುದು' ಏನೂ ಬೇಡ. ಜ್ವರ ಬಂದ ಮಗುವಿನ ಪಕ್ಕ ಕೂರುವ ಹಾಗೆ ಪಕ್ಕದಲ್ಲಿರಿ.

ಮೂರನೇ ದಿನ ನನಗೆ ಅಳು ಬಂತು. ಯಾಕೆ ಅಂತ ಕತೆ ಏನೂ ಬರಲಿಲ್ಲ, ನೀರು ಮಾತ್ರ. ಆರನೇ ದಿನ ಏನೂ ಆಗಲಿಲ್ಲ, ಬೇಜಾರಾಯಿತು. ಎರಡೂ ಒಂದೇ, ಕೂರುವುದು ಬಿಡಬೇಡಿ.

ಮನೆಯಲ್ಲಿ ಜಾಗ ಇಲ್ಲದವರಿಗೆ ಲೋಕಲ್ ಟ್ರೇನ್ ಇದೆ. ಡೊಂಬಿವಲಿಯಲ್ಲಿ ಹತ್ತಿ ಠಾಣೆ ಬರುವ ತನಕ ಲೇಡೀಸ್ ಡಬ್ಬಿಯಲ್ಲಿ ನಿಂತೇ ನಾನು ಇದನ್ನು ಎಷ್ಟೋ ಸಲ ಮಾಡಿದ್ದೇನೆ. ನಾಲ್ಕು ಕಡೆಯಿಂದ ಒತ್ತಡ ಇರುವಾಗ ಒಳಗಿನ ಬಿಗಿತ ಯಾವುದು, ಹೊರಗಿನದು ಯಾವುದು ಅಂತ ಬಿಡಿಸಿ ನೋಡುವುದು ಒಳ್ಳೆಯ ಅಭ್ಯಾಸ. ಮೊದಲ ವಾರಗಳಲ್ಲಿ ಬಾಗಿಲ ಹತ್ತಿರ ನಿಂತು ಮಾತ್ರ ಮಾಡಬೇಡಿ.

ನಾಲ್ಕನೇ ಹೆಜ್ಜೆ: ಇದು ಯಾರಿಗೆ?

ಈಗ ತಿರುಗುವ ಹೊತ್ತು. ಬಿಗಿತ ಇದೆ, ಮಾತು ಇದೆ. ಕೇಳಿಕೊಳ್ಳಿ: ಇದು ಯಾರಿಗೆ ಗೊತ್ತಾಗುತ್ತಿದೆ?

'ನನಗೆ' ಅಂತ ಬರುತ್ತದೆ. ಆ 'ನಾನು' ಯಾರು? ರಮಣ ಮಹರ್ಷಿಗಳು 1902ರ ಹೊತ್ತಿಗೆ ತಿರುವಣ್ಣಾಮಲೈಯಲ್ಲಿ ಒಬ್ಬ ಜಿಜ್ಞಾಸುವಿಗೆ ಬರೆದು ತೋರಿಸಿದ್ದೂ ಇದೇ ದಾರಿ. ಎದ್ದ ಪ್ರತಿ ಯೋಚನೆಗೂ ಯಾರಿಗೆ ಅಂತ ಕೇಳಿ, ಕೇಳಿದವನ ಮೂಲಕ್ಕೆ ತಿರುಗುವುದು. ನಿಸರ್ಗದತ್ತರು ತಮ್ಮ ಗುರು ಹೇಳಿದಂತೆ 'ನಾನು ಇದ್ದೇನೆ' ಎಂಬ ಬರಿಯ ಇರವಿನ ಮೇಲೆ ಮನಸ್ಸಿಟ್ಟರು. ಶಬ್ದ ಬೇರೆ, ನೋಡುವ ದಿಕ್ಕು ಒಂದೇ.

ಬಾಯಲ್ಲಿ ಉತ್ತರ ಹೇಳಬೇಡಿ. 'ನಾನು ಬ್ರಹ್ಮ', 'ನಾನು ಸಾಕ್ಷಿ' ಅಂತ ಹೇಳಿಕೊಂಡರೆ ಅವ್ವನ ಮಾತಿನ ಜಾಗಕ್ಕೆ ಉಪನಿಷತ್ತಿನ ಮಾತನ್ನು ಕೂರಿಸಿದಂತಾಯಿತು. ಅದೂ ಕಿವಿಯಿಂದ ಬಂದದ್ದೇ. ಬೃಹದಾರಣ್ಯಕ ಉಪನಿಷತ್ತು 'ನೇತಿ ನೇತಿ', ಇದಲ್ಲ ಇದಲ್ಲ ಎನ್ನುವುದು ಇಂಥ ಕಡೆ ಕೈ ಹಿಡಿಯುತ್ತದೆ.

ಹೀಗೆ ನೋಡಿ. ಫ್ಯಾನಿನ ಸದ್ದು ಗೊತ್ತಾಗುತ್ತಿದೆ. ಹೊಟ್ಟೆಯ ಬಿಗಿತ ಗೊತ್ತಾಗುತ್ತಿದೆ. 'ಭಾಳ ನಕ್ಕರ…' ಎಂಬ ಮಾತು ಒಳಗೆ ಸದ್ದಿನ ಹಾಗೆ ಗೊತ್ತಾಗುತ್ತಿದೆ. ಗೊತ್ತಾಗುವಿಕೆಗೆ ಬಿಗಿತ ಇದೆಯಾ? ಅದಕ್ಕೆ ವಯಸ್ಸು ಇದೆಯಾ? ಅದು ಹೆಣ್ಣಾ, ಗಂಡಾ? ಯಾವ ಊರಿನದು? ಒಂದೊಂದನ್ನೂ ಕೇಳಿ, ಹುಡುಕಿ, ಸುಮ್ಮನಿರಿ. ಎರಡು ಉಸಿರಿನಷ್ಟು ಹೊತ್ತು ಸಾಕು.

ಇನ್ನು ಆ ಮಾತಿನ ಒಡತಿಯನ್ನು ಹುಡುಕಿ. ನಕ್ಕರೆ ಅಳಬೇಕಾದವಳು ಯಾರು? ನನಗೆ ಕಂಡದ್ದು ಮಾಳಿಗೆಯ ಮೇಲೆ ಚಾದರ ಹೊದ್ದ ಹುಡುಗಿಯ ಚಿತ್ರ. ಆದರೆ ಆ ಚಿತ್ರವನ್ನೂ ನಾನು ನೋಡುತ್ತಿದ್ದೇನೆ. ಹಾಗಾದರೆ ಅವಳು ನಾನಲ್ಲ. ನನ್ನ ಹೆಸರು? ಅದೂ ಒಂದು ಸದ್ದಾಗಿ ಕೇಳಿಸಿತು. 'ಇದನ್ನೆಲ್ಲ ನೋಡುತ್ತಿರುವವಳು ನಾನು' ಎಂಬ ಯೋಚನೆ ಎದ್ದಿತು. ಅದೂ ಕಂಡಿತು. ಹುಡುಕುತ್ತಾ ಹೋದರೆ ಒಡತಿ ಸಿಗಲಿಲ್ಲ. ಇರವು ಮಾತ್ರ ಇತ್ತು, ಅದಕ್ಕೆ ಯಾರ ಹೆಸರೂ ಅಂಟಿರಲಿಲ್ಲ.

ನಮ್ಮ ಬಿಲ್ಡಿಂಗಿನ ಕೆಳಗೆ ಅಂಚೆ ಡಬ್ಬಿಗಳಿವೆ. ನಮ್ಮ ಡಬ್ಬಿಗೆ ಇವತ್ತಿಗೂ ಹಳೆಯ ಬಾಡಿಗೆದಾರರ ಹೆಸರಿಗೆ ಕಾಗದ ಬರುತ್ತದೆ. ನಾವು ಅದನ್ನು ಒಡೆಯುವುದಿಲ್ಲ, ಕಾಗದದ ಮೇಲೆ ಸಿಟ್ಟೂ ಮಾಡುವುದಿಲ್ಲ. ಆ ಹೆಸರಿನವರು ಇಲ್ಲಿ ಇಲ್ಲ, ಅಷ್ಟೇ. ಅವ್ವನ ಮಾತು ಈಗ ನನಗೆ ಹಾಗೆ ಬರುತ್ತದೆ.

ಈ ಹೆಜ್ಜೆ ಒಂದೇ ದಿನಕ್ಕೆ ಆಗಬಹುದು, ತಿಂಗಳುಗಟ್ಟಲೆ ಹಿಡಿಯಬಹುದು. ಬರೀ ಶಬ್ದದಾಟ ಅನ್ನಿಸಿದರೆ ಪ್ರಶ್ನೆ ಬಿಟ್ಟು ಮೂರನೇ ಹೆಜ್ಜೆಗೆ, ಮೈಗೆ, ವಾಪಸ್ ಬನ್ನಿ.

ಐದನೇ ಹೆಜ್ಜೆ: ದಿನದ ಬದುಕಿನಲ್ಲಿ ಪರೀಕ್ಷೆ

ಕೂತಾಗ ಕಂಡದ್ದು ನಿಂತಾಗ ಉಳಿಯಬೇಕಲ್ಲ. ನಂಬಿಕೆ ಯಾವುದನ್ನು ಮಾಡಬೇಡ ಅನ್ನುತ್ತದೋ ಅದನ್ನೇ ಸಣ್ಣದಾಗಿ ಮಾಡಿ ನೋಡಿ. ಒಂದು ಭಾನುವಾರ ನಾನು ಎಲ್ಲರಿಗಿಂತ ಮೊದಲು ತಟ್ಟೆ ಹಾಕಿಕೊಂಡು ಕೂತೆ. ಬಿಸಿ ರೊಟ್ಟಿ, ಎಣ್ಣೆಗಾಯಿ, ಮೇಲೆ ಒಂದಿಷ್ಟು ಶೇಂಗಾ ಚಟ್ನಿ. ಮೊದಲ ತುತ್ತು ಗಂಟಲಲ್ಲಿ ನಿಂತಿತು. ಯಾರೂ ಏನೂ ಅಂದಿರಲಿಲ್ಲ, ಗಂಡ ಪೇಪರ್ ಓದುತ್ತಿದ್ದರು. ನಿಂತ ತುತ್ತಿನ ಜೊತೆಗೇ ಕೇಳಿದೆ, ಇದು ಯಾರಿಗೆ? ನಿಧಾನವಾಗಿ ಇಳಿಯಿತು. ಬಿಸಿ ರೊಟ್ಟಿಯ ರುಚಿ ಎಷ್ಟು ಚೆನ್ನಾಗಿರುತ್ತದೆ ಅಂತ ಅವತ್ತು ತಿಳಿಯಿತು.

ಪದ್ಧತಿ ಬೇರೆ, ನಂಬಿಕೆ ಬೇರೆ. ನಾನು ಈಗಲೂ ಸಂಜೆ ದೀಪ ಹಚ್ಚುತ್ತೇನೆ, ಸೀಗಿ ಹುಣ್ಣಿಮೆಗೆ ಚರಗದ ಅಡುಗೆ ಮಾಡುತ್ತೇನೆ. 'ಹಚ್ಚದಿದ್ದರೆ ಕೆಟ್ಟದ್ದಾಗುತ್ತದೆ' ಎಂಬುದು ಹೋಯಿತು, ದೀಪ ಉಳಿಯಿತು. ಹೆದರಿಕೆ ಹೋದ ಮೇಲೆ ದೀಪ ಇನ್ನೂ ಪ್ರೀತಿಯದಾಗಿದೆ. ಹಾಗಾಗಿ ನಂಬಿಕೆ ಇಳಿಸುವುದೆಂದರೆ ಮನೆಯ ಸಂಪ್ರದಾಯವನ್ನೆಲ್ಲ ಗಂಟು ಕಟ್ಟಿ ಎಸೆಯುವುದು ಅಂತ ಯಾರೂ ತಿಳಿಯಬಾರದು.

ಆದರೆ ಒಂದು ಬಗೆಯ ನಂಬಿಕೆಯನ್ನು ಬಿಡಲು ಕಾಯುವಂತಿಲ್ಲ. ಇನ್ನೊಬ್ಬರನ್ನು ಕೆಳಗಿಡುವ ನಂಬಿಕೆ. ನಮ್ಮ ಮನೆಯಲ್ಲಿ ಕೆಲಸಕ್ಕೆ ಬರುವ ಅಕ್ಕನಿಗೆ ಚಹಾ ಕೊಡಲು ಒಂದು ಸ್ಟೀಲ್ ಲೋಟ ಬೇರೆಯೇ ಇತ್ತು. ಕಿಟಕಿಯ ಹತ್ತಿರ, ಬೋರಲು ಹಾಕಿ. ನೋಟ್‌ಬುಕ್‌ನಲ್ಲಿ ಅದನ್ನು ಬರೆದ ದಿನವೇ ಆ ಲೋಟ ತೆಗೆದೆ. ಎಲ್ಲರ ಕಪ್ಪಿನಲ್ಲೇ ಚಹಾ ಕೊಟ್ಟು ಎದುರು ಕೂತು ಕುಡಿದೆ. ಒಳಗಿನ ಬಿಗಿತವನ್ನು ಆಮೇಲೆ ನೋಡಿದೆ. ಇಂಥದ್ದರಲ್ಲಿ ಮೊದಲು ಕೈ ಬದಲಾಗಬೇಕು, ವಿಚಾರ ಹಿಂದೆ ಬರಲಿ. 'ಎಲ್ಲಾ ಒಂದೇ' ಅಂತ ಕಣ್ಣು ಮುಚ್ಚಿ ಕೂತು, ಲೋಟ ಮಾತ್ರ ಬೇರೆ ಇಟ್ಟರೆ ಅದು ಅದ್ವೈತ ಆಗುವುದಿಲ್ಲ.

ಎಡವುವ ಜಾಗಗಳು

ಕೆಲವರಿಗೆ ಎಲ್ಲವೂ ಖಾಲಿ ಅನ್ನಿಸಲು ಶುರುವಾಗುತ್ತದೆ. ಊಟ ಸೇರುವುದಿಲ್ಲ, ನಿದ್ದೆ ಬರುವುದಿಲ್ಲ, ಯಾವುದರಲ್ಲೂ ಅರ್ಥ ಇಲ್ಲ ಅನ್ನಿಸುತ್ತದೆ. ಅದನ್ನು ಜ್ಞಾನ ಅಂತ ತಿಳಿಯಬೇಡಿ. ಅಭ್ಯಾಸ ನಿಲ್ಲಿಸಿ, ಮನೆಯವರ ಜೊತೆ ಮಾತಾಡಿ, ಡಾಕ್ಟರರನ್ನು ಕಾಣಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕನ್ನಡದಲ್ಲೂ ಮಾತಾಡಬಹುದು. ಚಿಕ್ಕಂದಿನಲ್ಲಿ ದೊಡ್ಡ ಆಘಾತ ಕಂಡವರು ಮೂರನೇ ಹೆಜ್ಜೆಯನ್ನು ಒಬ್ಬರೇ ಮಾಡದೆ, ತಿಳಿದ ಆಪ್ತಸಮಾಲೋಚಕರ ಜೊತೆ ಕೂತು ಮಾಡುವುದು ಒಳ್ಳೆಯದು.

ಇನ್ನೊಂದು, ನೋವಿನಿಂದ ತಪ್ಪಿಸಿಕೊಳ್ಳಲು 'ನಾನು ಮೈಯಲ್ಲ' ಎನ್ನುವುದು. ಅಪ್ಪ ತೀರಿದಾಗ ನಾನೇ ಇದನ್ನು ಮಾಡಿದೆ. ಹದಿಮೂರು ದಿನ ಕಣ್ಣೀರು ಹಾಕಲಿಲ್ಲ, ಸಾಕ್ಷಿಯಾಗಿ ಇದ್ದೇನೆ ಅಂದುಕೊಂಡೆ. ಆರು ತಿಂಗಳ ನಂತರ ಅವರ ಹಳೆಯ ಕನ್ನಡಕ ಕೈಗೆ ಸಿಕ್ಕಿತು. ಬಚ್ಚಲಮನೆಯಲ್ಲಿ ಬಾಗಿಲು ಹಾಕಿಕೊಂಡು ಒಂದು ತಾಸು ಅತ್ತೆ. ಅಳುವುದನ್ನು ಅರಿವು ತಡೆಯುವುದಿಲ್ಲ. ತಡೆದದ್ದು ನನ್ನ ಇನ್ನೊಂದು ನಂಬಿಕೆ.

ಮನೆಯವರಿಗೆ ಉಪದೇಶ ಮಾಡಲು ಹೋಗಬೇಡಿ. ನಿಮ್ಮ ನೋಟ್‌ಬುಕ್ ನಿಮ್ಮದು, ಅವರ ನಂಬಿಕೆ ಅವರದು.

ಇಳಿದಿದೆ ಅಂತ ಹೇಗೆ ತಿಳಿಯುವುದು?

ಮಾತು ಬರುವುದು ನಿಲ್ಲುತ್ತದೆ ಅಂತ ಕಾಯಬೇಡಿ. ಅದು ಬರುತ್ತದೆ, ಹಿಡಿಯುವುದಿಲ್ಲ. ಮೈಯನ್ನು ಕೇಳಿದರೆ ಗೊತ್ತಾಗುತ್ತದೆ.

ಈ ಸಲ ಶ್ರಾವಣದಲ್ಲಿ ಮಗಳ ಜೊತೆ ಊರಿಗೆ ಹೋಗಿದ್ದೆ. ಮಧ್ಯಾಹ್ನ ಅವ್ವ ಪಡಸಾಲೆಯಲ್ಲಿ ಮೊರ ಮುಂದಿಟ್ಟುಕೊಂಡು ತೊಗರಿಬೇಳೆ ಆರಿಸುತ್ತಿದ್ದಳು. ಹೊರಗೆ ಕಟ್ಟೆಯ ಮೇಲೆ ನನ್ನ ಮಗಳು, ತಮ್ಮನ ಮಕ್ಕಳು ಸೇರಿ ಬಿದ್ದು ಬಿದ್ದು ನಗುತ್ತಿದ್ದರು. ಅವ್ವ ತಲೆ ಎತ್ತದೆ ಕೂಗಿದಳು: "ಏ ಹುಡುಗ್ಯಾರ, ಭಾಳ ನಗಬ್ಯಾಡ್ರಿ, ಆಮ್ಯಾಲೆ ಅಳಬೇಕಾಗ್ತದ!"

ಹೊಟ್ಟೆಯ ಕಡೆ ಗಮನ ಹೋಯಿತು. ಉಸಿರು ಪೂರ್ತಿ ಇಳಿಯುತ್ತಿತ್ತು. ನಾನು ಅವಳ ಪಕ್ಕ ಕೂತು ಒಂದು ಹಿಡಿ ಬೇಳೆ ನನ್ನ ಕಡೆ ಎಳೆದುಕೊಂಡೆ.

"ಯವ್ವಾ, ಈ ಮಾತ ನಿನಗ ಯಾರ ಹೇಳಿದ್ರು?"

"ನಮ್ಮವ್ವ."

"ಆಕಿಗೆ?"

ಅವ್ವನ ಬೆರಳು ಬೇಳೆಯ ಮೇಲೆ ನಿಂತವು. ಸ್ವಲ್ಪ ಹೊತ್ತು ಹೊರಗಿನ ನಗು ಕೇಳುತ್ತಾ ಕೂತಳು.

"ಗೊತ್ತಿಲ್ಲವ್ವಾ," ಅಂದಳು. "ಕೇಳಬೇಕಿತ್ತು ನೋಡು."